ಸಿ. ಕೆ. ನಾಯುಡು ಯಾರ ಊರಿನವರು?

ನಾಗಪುರವೆಂದರೆ ಹೊರಗಿನವರಿಗೆ ನೆನಪಾಗುವುದು ಎರಡೇ: ಒಂದು ಕಿತ್ತಳೆ ಹಣ್ಣು, ಇನ್ನೊಂದು ಮೇ ತಿಂಗಳ ಬಿಸಿಲು. ಊರಿನಿಂದ ಬರುವ ಬಂಧುಗಳು ಮೊದಲನೆಯದನ್ನು ಬುಟ್ಟಿ ತುಂಬ ಕೊಂಡೊಯ್ಯುತ್ತಾರೆ. ಎರಡನೆಯದನ್ನು ನಮಗೇ ಬಿಟ್ಟುಹೋಗುತ್ತಾರೆ. ಈ ಎರಡರ ಜೊತೆಗೆ ಮೂರನೆಯದಾಗಿ ಒಂದು ಹೆಸರನ್ನು ಸೇರಿಸಬೇಕೆಂದು ನಮಗೆ ಬಹು ದಿನಗಳ ಆಸೆ. ಭಾರತದ ಮೊಟ್ಟಮೊದಲ ಟೆಸ್ಟ್ ತಂಡದ ನಾಯಕರಾದ ಕರ್ನಲ್ ಸಿ. ಕೆ. ನಾಯುಡು ಅವರು 1895ರ ಅಕ್ಟೋಬರ್ 31ರಂದು ಹುಟ್ಟಿದ್ದು ಇದೇ ನಾಗಪುರದಲ್ಲಿ. ಅವರ ಪೂರ್ಣ ಹೆಸರು ಕೊಟ್ಟಾರಿ ಕನಕಯ್ಯ ನಾಯುಡು. ಮನೆತನ ತೆಲುಗಿನದು. ತಾತ ವಕೀಲರು, ಜಮೀನುದಾರರು, ಕಾಂಗ್ರೆಸ್ಸಿನ ಮೊದಲ ತಲೆಮಾರಿನ ಮುಖಂಡರಲ್ಲಿ ಒಬ್ಬರು. ತಂದೆ ಕೇಂಬ್ರಿಜ್‌ನಲ್ಲಿ ಕಾನೂನು ಓದಿ ಬಂದವರು. ಅಲ್ಲಿ ರಣಜಿತ್‌ಸಿಂಹಜಿ ಅವರ ಒಡನಾಡಿಯಾಗಿದ್ದವರು. ಹುಡುಗ ಓದಿದ್ದು ಸೇಂಟ್ ಫ್ರಾನ್ಸಿಸ್ ಡಿ ಸೇಲ್ಸ್ ಶಾಲೆಯಲ್ಲಿ, ಆಮೇಲೆ ಹಿಸ್ಲಾಪ್‌ನಲ್ಲಿ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಮರಾಠಿ ಮತ್ತು ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಇಂದು ಧರಮಪೇಠದಲ್ಲೋ ಸಿವಿಲ್ ಲೈನ್ಸ್‌ನಲ್ಲೋ ಬೆಳೆಯುತ್ತಿರುವ ನಮ್ಮ ಮಕ್ಕಳ ಪಾಡೂ ಹೆಚ್ಚುಕಡಿಮೆ ಇದೇ ಅಲ್ಲವೆ?

ಆದರೆ ಈ ಕಾಲದ ಮಕ್ಕಳು ಹೆಸರನ್ನು ಹೇಳಿದ ಮಾತ್ರಕ್ಕೆ ತಲೆಬಾಗುವವರಲ್ಲ. ಅಂಗೈಯಲ್ಲೇ ಅಂಕಿ ಅಂಶಗಳನ್ನು ಇಟ್ಟುಕೊಂಡು ತಿರುಗುವವರು. ನಾಯುಡು ಆಡಿದ ಟೆಸ್ಟ್ ಪಂದ್ಯಗಳು 7, ಮಾಡಿದ ರನ್ನು 350, ಸರಾಸರಿ 25, ಶತಕ ಒಂದೂ ಇಲ್ಲ. “ಇಷ್ಟಕ್ಕೇ ಏನು ಇಷ್ಟು ದೊಡ್ಡ ಹೆಸರು?” ಎಂದು ಅವರು ಕೇಳಿದರೆ ಉದ್ಧಟತನವೆಂದು ಗದರಿಸುವುದು ಸರಿಯಲ್ಲ. ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕದ ಪುಸ್ತಕಗಳ ನಡುವೆಯೇ ಹೊಟ್ಟೆಪಾಡು ನಡೆಸುವ ನಮ್ಮಂಥ ಗುಮಾಸ್ತರಿಗಂತೂ ಒಂದು ಮಾತು ಚೆನ್ನಾಗಿ ಗೊತ್ತು: ಅಂಕಿ ಸುಳ್ಳು ಹೇಳುವುದಿಲ್ಲ, ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ಮೊದಲನೆಯ ಟೆಸ್ಟ್ ಆಡುವಾಗ ಅವರಿಗೆ 36 ವರ್ಷ ತುಂಬಿ ಎಂಟು ತಿಂಗಳಾಗಿತ್ತು ಎಂಬುದನ್ನು ಸರಾಸರಿಯ ಅಂಕಣ ಹೇಳದು. ಬಾಗಿಲು ತೆರೆದಾಗ ಯೌವನದ ಬಹುಪಾಲು ಹೊಸ್ತಿಲ ಹೊರಗೇ ಕಳೆದುಹೋಗಿತ್ತು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ 11,825 ರನ್ನು, 26 ಶತಕ, 411 ವಿಕೆಟ್ಟು ಎಂದು ಇನ್ನೊಂದು ಪಟ್ಟಿ ಕೊಡಬಹುದು. ಅದರಿಂದಲೂ ಪೂರ್ತಿ ತಿಳಿಯುವುದಿಲ್ಲ. ತಿಳಿಯಬೇಕಾದರೆ 1926ರ ಮುಂಬಯಿಗೆ ಹೋಗಬೇಕು.

ಆ ವರ್ಷ ಆರ್ಥರ್ ಗಿಲ್ಲಿಗನ್ ಎಂಬವರ ನಾಯಕತ್ವದಲ್ಲಿ ಇಂಗ್ಲೆಂಡಿನ ಎಂ. ಸಿ. ಸಿ. ತಂಡ ನಮ್ಮ ದೇಶದಲ್ಲಿ ಪ್ರವಾಸ ಮಾಡುತ್ತಿತ್ತು. ಹೋದಲ್ಲೆಲ್ಲ ಅವರದೇ ಮೇಲುಗೈ. ಬಾಂಬೆ ಜಿಮ್‌ಖಾನಾ ಮೈದಾನದಲ್ಲಿ ಹಿಂದೂ ತಂಡದೊಡನೆ ಪಂದ್ಯ. ಆಗ ಆಟಗಾರರನ್ನು ಕೋಮುವಾರು ವಿಂಗಡಿಸಿ ಹಿಂದೂಗಳು, ಪಾರ್ಸಿಗಳು, ಮುಸಲ್ಮಾನರು, ಯೂರೋಪಿಯನ್ನರು ಎಂದು ಆಡಿಸುತ್ತಿದ್ದ ಕಾಲ. ಆ ಜಿಮ್‌ಖಾನಾದ ಸದಸ್ಯತ್ವವೋ ಬಿಳಿಯರಿಗೇ ಮೀಸಲು. ನಮ್ಮವರು ಅಂಗಳದಲ್ಲಿ ಆಡಬಹುದು, ಸದಸ್ಯರೆಂದು ಒಳಗೆ ಕೂರುವಂತಿಲ್ಲ. ಇಂಗ್ಲಿಷರು ಮೊದಲು ಆಡಿ 363 ರನ್ನು ಸೇರಿಸಿದರು. ಅವರಲ್ಲಿ ಗೈ ಅರ್ಲ್ ಎಂಬಾತ ಎಂಟು ಸಿಕ್ಸರುಗಳನ್ನು ಬಾರಿಸಿ 130 ಹೊಡೆದ. ಅದನ್ನು ಕ್ಷೇತ್ರದಲ್ಲಿ ನಿಂತು ನೋಡಿದವರಲ್ಲಿ ನಾಯುಡು ಒಬ್ಬರು.

ಮರುದಿನ, ಡಿಸೆಂಬರ್ 1ರಂದು, ಅವರು ಬ್ಯಾಟು ಹಿಡಿದು ಇಳಿದರು. ಎತ್ತರದ ಆಳು, ನೆಟ್ಟಗೆ ನಿಲ್ಲುವ ಮೈಕಟ್ಟು, ಉದ್ದನೆಯ ತೋಳು. ಎರಡು ಗಂಟೆ ತುಂಬುವ ಮೊದಲೇ 153 ರನ್ನು ಆಗಿತ್ತು. ಅದರಲ್ಲಿ ಸಿಕ್ಸರುಗಳೇ 11. ಸುದ್ದಿ ಊರೊಳಗೆ ಹಬ್ಬಿ, ಜನ ಕೆಲಸ ಬಿಟ್ಟು ಮೈದಾನದ ಕಡೆಗೆ ಓಡಿದರೆಂದೂ, ಸುತ್ತಲಿನ ಮರ ಮಾಳಿಗೆಗಳೆಲ್ಲ ತುಂಬಿದುವೆಂದೂ ಹಿರಿಯರು ಹೇಳುತ್ತಿದ್ದರು. ಕಚೇರಿ ಬಿಟ್ಟು ಆಟ ನೋಡಲು ಹೋದ ಗುಮಾಸ್ತರ ಬಗ್ಗೆ ನಮಗೆ ವಿಶೇಷ ಗೌರವವಿದೆಯೆಂದು ಈ ಸಂದರ್ಭದಲ್ಲಿ ಹೇಳದೆ ಇರಲಾರೆವು. ಎಂ. ಸಿ. ಸಿ.ಯವರು ಮೆಚ್ಚಿ ನಾಯುಡು ಅವರಿಗೆ ಬೆಳ್ಳಿಯ ಬ್ಯಾಟೊಂದನ್ನು ಕೊಟ್ಟರು.

ಅದಕ್ಕೆ ಮುಂಚೆ ನಮ್ಮಲ್ಲಿ ಒಳ್ಳೆಯ ಆಟಗಾರರು ಇರಲಿಲ್ಲವೆಂದಲ್ಲ. ನಮ್ಮ ಧಾರವಾಡದಲ್ಲೇ ಹುಟ್ಟಿದ ಪಾಲವಣಕರ ಬಾಳೂ ಅವರು 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಮಿಕ್ಕಿ ವಿಕೆಟ್ಟುಗಳನ್ನು ಉರುಳಿಸಿದ್ದರು. ಚರ್ಮಕಾರ ಜಾತಿಯವರೆಂದು ಸ್ವಂತ ತಂಡದವರೇ ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದ ಕಾಲದಲ್ಲಿ ಆ ಮಹನೀಯರು ಮಾಡಿದ ಸಾಧನೆ ಸಾಮಾನ್ಯವಲ್ಲ. ಅವರ ವಿಷಯ ಬೇರೆಯೇ ಒಂದು ಲೇಖನವಾಗಬೇಕು. ಆದರೆ ಚೆಂಡೆಸೆದು ಗೆಲ್ಲುವುದಕ್ಕೂ, ಆಳುವವನು ಎಸೆದ ಚೆಂಡನ್ನು ಅವನ ತಲೆಯ ಮೇಲಿಂದಲೇ ಅವನ ಮನೆಯ ಮಾಡಿನತ್ತ ಕಳಿಸುವುದಕ್ಕೂ ನೋಡುವವರ ಕಣ್ಣಿಗೆ ವ್ಯತ್ಯಾಸವಿದೆ. ಎರಡನೆಯದನ್ನು ಆಟದ ನಿಯಮ ತಿಳಿಯದ ತಳ್ಳುಗಾಡಿಯವನೂ ಅರ್ಥ ಮಾಡಿಕೊಳ್ಳಬಲ್ಲ.

ಇಲ್ಲಿ ಸ್ವಲ್ಪ ಕಡಲಾಚೆಯ ಮಾತು. ನಮ್ಮ ಓದುಗರಲ್ಲಿ ಹಲವರ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಅಲ್ಲಿಯ ಬೇಸ್‌ಬಾಲ್ ಆಟವನ್ನು ಅವರಿಂದ ಕೇಳಿ ತಿಳಿದವರಿಗೆ ಬೇಬ್ ರೂತ್ ಎಂಬ ಹೆಸರು ಹೊಸದಾಗಿರಲಾರದು. ಆತ ಹುಟ್ಟಿದ್ದೂ 1895ರಲ್ಲೇ, ನಾಯುಡು ಅವರಿಗಿಂತ ಸುಮಾರು ಒಂಬತ್ತು ತಿಂಗಳು ಮುಂಚೆ. ಜಿಮ್‌ಖಾನಾದ ಆ ಇನ್ನಿಂಗ್ಸು ನಡೆದ ಮರುವರ್ಷ, 1927ರಲ್ಲಿ, ಆತ ಒಂದೇ ಋತುವಿನಲ್ಲಿ ಚೆಂಡನ್ನು 60 ಸಲ ಅಂಗಳದಾಚೆ ಹೊಡೆದು ದೇಶವನ್ನೇ ಕುಣಿಸಿದ. ರೂತ್ ತೀರಿಕೊಂಡದ್ದು 1948ರಲ್ಲಿ. ಆದರೂ ಭಾರಿ ಹೊಡೆತವೊಂದನ್ನು ಕಂಡರೆ ಅಮೆರಿಕದವರು ಇಂದಿಗೂ ಅವನ ಹೆಸರಿನಿಂದಲೇ ಒಂದು ವಿಶೇಷಣ ಮಾಡಿ ಹೇಳುತ್ತಾರಂತೆ. ಇಬ್ಬರ ಹೊಡೆತವೂ ಒಂದೇ ಬಗೆಯದು, ಇಬ್ಬರನ್ನು ನೋಡಲೂ ಜನ ಒಂದೇ ರೀತಿ ನುಗ್ಗಿದರು. ಆದರೆ ರೂತ್ ಹೊಡೆದದ್ದು ತನ್ನ ನಾಡಿನವನೇ ಎಸೆದ ಚೆಂಡನ್ನು. ಇವರು ಹೊಡೆದದ್ದು ಇನ್ನೊಬ್ಬರ ಬಾವುಟ ತಮ್ಮ ತಲೆಯ ಮೇಲೆ ಹಾರಾಡುತ್ತಿದ್ದಾಗ.

ಆ ಹೊಡೆತದ ಫಲ ಬೇಗನೆ ಕಾಣಿಸಿತು. ಭಾರತೀಯರು ಟೆಸ್ಟ್ ಆಡಲು ಯೋಗ್ಯರೆಂದು ಗಿಲ್ಲಿಗನ್ ಅವರಿಗೆ ಮನವರಿಕೆಯಾಯಿತು. ಅವರ ಪ್ರೋತ್ಸಾಹದಿಂದ ಇಲ್ಲಿಯವರು ಸಂಘಟಿತರಾಗಿ 1928ರ ಡಿಸೆಂಬರ್‌ನಲ್ಲಿ ಕ್ರಿಕೆಟ್ ಮಂಡಳಿ ಸ್ಥಾಪನೆಯಾಯಿತು. 1932ರಲ್ಲಿ ತಂಡ ಇಂಗ್ಲೆಂಡಿಗೆ ಹೊರಟಿತು. ನಾಯಕತ್ವ ಮಾತ್ರ ಪದ್ಧತಿಯಂತೆ ರಾಜರಿಗೆ! ಪೋರಬಂದರದ ಮಹಾರಾಜರು ನಾಯಕರು, ಲಿಂಬ್ಡಿಯ ರಾಜಕುಮಾರರು ಉಪನಾಯಕರು. ಮಹಾರಾಜರ ದೊಡ್ಡತನವೆಂದರೆ, ತಮ್ಮ ಆಟ ಟೆಸ್ಟಿಗೆ ಸಾಲದೆಂದು ತಾವೇ ಅರಿತು ಹಿಂದೆ ಸರಿದದ್ದು. ಇಂಥ ಅರಿವು ಅಧಿಕಾರದಲ್ಲಿದ್ದವರಿಗೆ ಬರುವುದು ಅಪರೂಪವೆಂದು ಯಾವ ಕಚೇರಿಯಲ್ಲಿ ಕೇಳಿದರೂ ಹೇಳುತ್ತಾರೆ. ಲಿಂಬ್ಡಿಯವರಿಗೆ ಪೆಟ್ಟಾಗಿತ್ತು. ಹೀಗೆ ಜೂನ್ 25ರಂದು ಲಾರ್ಡ್ಸ್ ಮೈದಾನಕ್ಕೆ ಭಾರತದ ತಂಡವನ್ನು ಕರೆದುಕೊಂಡು ಇಳಿದವರು ನಾಗಪುರದ ನಾಯುಡು. ಆ ಹನ್ನೊಂದು ಮಂದಿಯಲ್ಲಿ ಕೌಲಾಲಂಪುರದಲ್ಲಿ ಹುಟ್ಟಿ ಬೆಳೆದ ಸಿಖ್ಖರ ಹುಡುಗ ಲಾಲ್ ಸಿಂಗ್ ಇದ್ದರು. ಮುಂದೆ ಬೆಂಗಳೂರಿನವರೇ ಆಗಿಹೋದ ಪಾರ್ಸಿ ಪಾಲಿಯಾ ಇದ್ದರು. ನಿಸಾರರ ವೇಗಕ್ಕೆ ಇಂಗ್ಲೆಂಡ್ 19 ರನ್ನಿಗೆ ಮೂವರನ್ನು ಕಳೆದುಕೊಂಡು ಕಂಗಾಲಾಯಿತು. ಕೊನೆಗೆ 158 ರನ್ನುಗಳಿಂದ ಸೋತೆವು, ನಿಜ. ಕೈಗೆ ಪೆಟ್ಟಾಗಿದ್ದರೂ ಮೊದಲ ಇನ್ನಿಂಗ್ಸಿನಲ್ಲಿ ಎಲ್ಲರಿಗಿಂತ ಹೆಚ್ಚು, 40 ರನ್ನು, ಹೊಡೆದವರು ನಾಯುಡು ಅವರೇ.

ಆ ಪ್ರವಾಸದ ಪ್ರಥಮ ದರ್ಜೆಯ 26 ಪಂದ್ಯಗಳಲ್ಲಿ ಒಂದನ್ನೂ ಬಿಡದೆ ಆಡಿ 1,618 ರನ್ನು ಸೇರಿಸಿದರು, 65 ವಿಕೆಟ್ಟುಗಳನ್ನೂ ಪಡೆದರು. 32 ಸಿಕ್ಸರುಗಳಲ್ಲಿ ಒಂದರ ಕತೆಯನ್ನು ಇಂಗ್ಲೆಂಡಿನಲ್ಲಿ ಈಗಲೂ ಹೇಳುತ್ತಾರೆ. ಎಜ್‌ಬಾಸ್ಟನ್ ಮೈದಾನದ ಪಕ್ಕದಲ್ಲಿ ರೀ ಎಂಬ ಸಣ್ಣ ನದಿ. ಆಗ ಅದು ಎರಡು ಜಿಲ್ಲೆಗಳ ಗಡಿಯಾಗಿತ್ತು. ನಾಯುಡು ಹೊಡೆದ ಚೆಂಡು ನದಿಯ ಆಚೆ ಬಿದ್ದಿತಂತೆ. ವಾರ್ವಿಕ್‌ಶೈರಿನಲ್ಲಿ ಹೊಡೆದದ್ದು ವೂಸ್ಟರ್‌ಶೈರಿಗೆ ಹೋಯಿತು ಎಂದು ತಮಾಷೆ. ಗಡಿ ವಿವಾದಗಳ ಬಿಸಿ ಉಂಡ ನಮ್ಮ ಬೆಳಗಾವಿಯ ಕಡೆಯ ಓದುಗರು ಈ ಸಿಕ್ಸರನ್ನು ವಿಶೇಷವಾಗಿ ಮೆಚ್ಚಿಕೊಂಡಾರು. ಇಂಗ್ಲಿಷರ ವಿಸ್ಡನ್ ಪಂಚಾಂಗ 1933ರಲ್ಲಿ ವರ್ಷದ ಐವರು ಆಟಗಾರರಲ್ಲಿ ಅವರನ್ನು ಸೇರಿಸಿತು.

ಆದರೂ 1936ರಲ್ಲಿ ಮತ್ತೆ ಇಂಗ್ಲೆಂಡಿಗೆ ಹೋಗುವಾಗ ನಾಯಕತ್ವ ಅವರಿಗೆ ಸಿಗಲಿಲ್ಲ. ವಿಜಯನಗರಂ ಸಂಸ್ಥಾನದ ಕುಮಾರರಿಗೆ ಹೋಯಿತು. ಇಂದು ಆ ಕುಮಾರರ ಆಟವನ್ನು ಯಾರು ನೆನೆಯುತ್ತಾರೆ? ನಾಯುಡು ಸಾಮಾನ್ಯ ಆಟಗಾರರಾಗಿಯೇ ಹೋದರು. ಕೊನೆಯ ಟೆಸ್ಟಿನಲ್ಲಿ ಗಬ್ಬಿ ಆಲನ್ ಎಸೆದ ಚೆಂಡು ಮೈಗೆ ಬಲವಾಗಿ ತಾಗಿದರೂ ಕ್ರೀಸು ಬಿಡದೆ ನಿಂತು 81 ಹೊಡೆದರು. ಅವರ ಟೆಸ್ಟ್ ಜೀವನದಲ್ಲಿ ಅದೇ ಅತ್ಯಧಿಕ, ಅದೇ ಕಡೆಯದು.

ಇಷ್ಟೆಲ್ಲ ಹೇಳುವಾಗ ಒಂದು ಸಂಗತಿಯನ್ನು ಮರೆಮಾಚಬಾರದು. ನಾಗಪುರ ಅವರನ್ನು ಹೆತ್ತಿತು, ಉಳಿಸಿಕೊಳ್ಳಲಿಲ್ಲ. 1923ರಲ್ಲಿಯೇ ಇಂದೂರಿನ ತುಕೋಜಿರಾವ್ ಹೋಳ್ಕರರು ಕರೆದು ತಮ್ಮ ಸೈನ್ಯದಲ್ಲಿ ಕ್ಯಾಪ್ಟನ್ ಪದವಿ ಕೊಟ್ಟರು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮಗೆ ಇದು ಅರ್ಥವಾಗದ ಮಾತಲ್ಲ. ಅವರು ಇಂದೂರಿನಲ್ಲಿ ಮನೆ ಮಾಡಿ, ಅಲ್ಲಿಯ ಹುಡುಗರನ್ನು ಹುರಿಗೊಳಿಸಿ, ಹೋಳ್ಕರ್ ತಂಡವನ್ನು 1945-46, 1947-48, 1950-51, 1952-53, ಹೀಗೆ ನಾಲ್ಕು ಸಲ ರಣಜಿ ಟ್ರೋಫಿಗೆ ಒಡೆಯರನ್ನಾಗಿ ಮಾಡಿದರು. ಶಿಸ್ತಿನಲ್ಲಿ ಮಿಲಿಟರಿಯೇ. ಐವತ್ತು ದಾಟಿದ ಮೇಲೆ ಒಮ್ಮೆ ದತ್ತು ಫಡಕರ ಅವರ ಚೆಂಡು ಬಾಯಿಗೆ ಬಡಿದು ಹಲ್ಲು ಉದುರಿದಾಗ, ಬಿದ್ದ ಹಲ್ಲನ್ನು ಬ್ಯಾಟಿನಿಂದ ಪಕ್ಕಕ್ಕೆ ಸರಿಸಿ, “ನಿಧಾನ ಮಾಡಬೇಡ, ಹಾಕು” ಎಂದರೆಂದು ಪ್ರತೀತಿ.

ಕನ್ನಡಿಗರಾದ ನಮಗೆ ಈ ಹೋಳ್ಕರ್ ತಂಡದೊಡನೆ ಒಂದು ಹಳೆಯ ಲೆಕ್ಕವಿದೆ. 1946ರಲ್ಲಿ ರಣಜಿ ಸೆಮಿಫೈನಲ್ ಆಡಲು ನಮ್ಮ ಮೈಸೂರಿನವರು ಇಂದೂರಿಗೆ ಹೋದರು. ಹೋಗಿ ಏನಾಯಿತೆಂದು ಕೇಳುತ್ತೀರಾ? ಹೋಳ್ಕರ್ ತಂಡ 8 ವಿಕೆಟ್ಟಿಗೆ 912 ರನ್ನು! ಒಂದೇ ಇನ್ನಿಂಗ್ಸಿನಲ್ಲಿ ಆರು ಮಂದಿ ನೂರು ದಾಟಿದರು: ಭಂಡಾರಕರ, ಸರ್ವಟೆ, ಜಗದಾಳೆ, ನಿಂಬಾಳಕರ, ಪ್ರತಾಪಸಿಂಗ್, ಜೊತೆಗೆ ಐವತ್ತು ತುಂಬಿದ ನಾಯುಡು. ನಮ್ಮ ಬಿ. ಕೆ. ಗರುಡಾಚಾರ್ ಅವರು 301 ರನ್ನು ಕೊಟ್ಟು ನಾಲ್ಕು ವಿಕೆಟ್ಟು ಪಡೆದರು. ಬೇರೆ ಯಾರಾದರೂ ಆಗಿದ್ದರೆ ಆ ದಿನವೇ ಆಟಕ್ಕೆ ಕೈ ಮುಗಿದು ಬೆಂಗಳೂರಿನ ರೈಲು ಹತ್ತುತ್ತಿದ್ದರು. ಗರುಡಾಚಾರ್ಯರು ಹಾಗೆ ಮಾಡದೆ, ಎರಡನೆಯ ಇನ್ನಿಂಗ್ಸಿನಲ್ಲಿ ಬ್ಯಾಟು ಹಿಡಿದು 164 ಹೊಡೆದರು. ಮೈಸೂರು 6 ವಿಕೆಟ್ಟಿಗೆ 509 ಮಾಡಿತು. ಅಂಥ ಏಟು ತಿಂದು ಮತ್ತೆ ಎದ್ದು ನಿಲ್ಲುವುದೂ ಒಂದು ಗೆಲುವೇ ಎಂದು ನಮ್ಮ ಅಭಿಪ್ರಾಯ. ಗರುಡಾಚಾರ್ಯರು ನೂರರ ಸಮೀಪದವರೆಗೆ ಬಾಳಿ 2016ರಲ್ಲಿ ತೀರಿಕೊಂಡರು.

ಅದೇ ವರ್ಷ ಬರೋಡದವರ ಮೇಲೆ ನಾಯುಡು 200 ಹೊಡೆದರು. ಅರುವತ್ತೊಂದನೆಯ ವಯಸ್ಸಿನಲ್ಲೂ, 1956-57ರಲ್ಲಿ, ಉತ್ತರ ಪ್ರದೇಶದ ಪರವಾಗಿ ರಣಜಿ ಆಡಿದರು. ನಡುವೆ 1953-54ರಲ್ಲಿ, ಆಂಧ್ರದವರು ಮೊದಲ ಬಾರಿಗೆ ರಣಜಿಗೆ ತಂಡ ಕಟ್ಟಿದಾಗ, ಅದರ ನಾಯಕರಾಗಿದ್ದವರೂ ಇವರೇ. ಅಂದರೆ ತಾಯ್ನುಡಿಯ ನಾಡು ಕರೆದಾಗ 58ನೆಯ ವಯಸ್ಸಿನಲ್ಲಿ ಹೋಗಿ ಆಡಿ ಕೊಟ್ಟರು. ಹುಟ್ಟಿದ ನಾಡು, ಅನ್ನ ಕೊಟ್ಟ ನಾಡು, ನುಡಿಯ ನಾಡು ಮೂರಕ್ಕೂ ದುಡಿದರು. ಯಾವುದೊಂದೂ “ನೀನು ನಮ್ಮವನಲ್ಲ” ಎಂದು ಅವರಿಗೆ ಹೇಳಿದ್ದಿಲ್ಲ. 1956ರಲ್ಲಿ ಪದ್ಮಭೂಷಣ ಬಂದಿತು. 1967ರ ನವೆಂಬರ್ 14ರಂದು ಇಂದೂರಿನಲ್ಲಿ ಕಣ್ಣು ಮುಚ್ಚಿದರು. ಅದೇ 1967-68ರ ಋತುವಿನಲ್ಲಿ ಭದ್ರಾವತಿಯ ಕಿರಿ ಮೈಯ ಹುಡುಗನೊಬ್ಬ ಮೈಸೂರಿನ ಪರವಾಗಿ ತನ್ನ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ಮೇಲೆ 230 ಹೊಡೆದ. ಹೆಸರು ಗುಂಡಪ್ಪ ವಿಶ್ವನಾಥ್. ಅವರ ಪ್ರಸ್ತಾಪ ಮತ್ತೆ ಬರುತ್ತದೆ.

ಸಹೋದರಿಯರಿಗಾಗಿ ಎರಡು ಮಾತು ಸೇರಿಸಬೇಕು. ನಾಯುಡು ಅವರ ಮಗಳು ಚಂದ್ರಾ ನಾಯುಡು ಇಂದೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಿಕೆಯಾಗಿದ್ದವರು. 1977ರಲ್ಲಿ ಕ್ರಿಕೆಟ್ಟಿನ ವೀಕ್ಷಕ ವಿವರಣೆ ನೀಡಿ, ನಮ್ಮ ದೇಶದಲ್ಲಿ ಆ ಕೆಲಸ ಮಾಡಿದ ಮೊದಲ ಮಹಿಳೆಯೆಂದು ಹೆಸರು ಪಡೆದರು. ತಂದೆಯ ಜೀವನವನ್ನು ಪುಸ್ತಕವಾಗಿಯೂ ಬರೆದರು, 2021ರಲ್ಲಿ ತೀರಿಕೊಂಡರು. ಗಂಡಸರ ಆಟದ ಬಗ್ಗೆ ಹೆಂಗಸು ಮಾತನಾಡುವುದೇ ವಿಚಿತ್ರವೆನಿಸಿದ್ದ ಕಾಲದಲ್ಲಿ ಮೈಕಿನ ಮುಂದೆ ಕುಳಿತ ಆ ಧೈರ್ಯವೂ ನಾಯುಡು ಮನೆತನದ ಆಸ್ತಿಯೇ. ಇನ್ನೊಂದು ಲೌಕಿಕದ ವಿಷಯ: ಇಂದು ಆಟಗಾರರು ಹಲ್ಲುಪುಡಿಯಿಂದ ಮೋಟಾರಿನವರೆಗೆ ಎಲ್ಲವನ್ನೂ ಮಾರುತ್ತಾರಲ್ಲ, ಆ ಪದ್ಧತಿಗೆ ನಾಂದಿ ಹಾಡಿದವರೂ ಇವರೇ. 1941ರಲ್ಲಿ ಬಾತ್‌ಗೇಟ್ ಕಂಪನಿಯ ಲಿವರ್ ಟಾನಿಕ್ಕಿಗೆ ನಾಯುಡು ಅವರ ಹೆಸರು ಜಾಹೀರಾತಾಯಿತು. ಇದನ್ನು ಕೊಡುಗೆಯೆನ್ನಬೇಕೋ ಬೇಡವೋ ಓದುಗರೇ ತೀರ್ಮಾನಿಸಲಿ.

ಇನ್ನು ಅವರ ಹೆಸರು ಈಗ ಎಲ್ಲೆಲ್ಲಿ ಬಾಳುತ್ತಿದೆ ನೋಡೋಣ. 1973-74ರಿಂದ ಕಿರಿಯರ ಪಂದ್ಯಾವಳಿಯೊಂದು ಕರ್ನಲ್ ಸಿ. ಕೆ. ನಾಯುಡು ಟ್ರೋಫಿ ಎಂದು ನಡೆಯುತ್ತ ಬಂದಿದೆ. 2024ರಲ್ಲಿ ಅದನ್ನು ಗೆದ್ದವರು ನಮ್ಮ ಕರ್ನಾಟಕದ ಹುಡುಗರು. 1994ರಿಂದ ಮಂಡಳಿಯವರು ಅವರ ಹೆಸರಿನಲ್ಲಿ ಜೀವಮಾನದ ಸಾಧನೆಗೆ ಪ್ರಶಸ್ತಿ ಕೊಡುತ್ತಿದ್ದಾರೆ. ಮೊದಲನೆಯದು ಸಂದದ್ದು ಲಾಲಾ ಅಮರನಾಥರಿಗೆ. 1933ರಲ್ಲಿ ಅದೇ ಜಿಮ್‌ಖಾನಾ ಮೈದಾನದಲ್ಲಿ ಭಾರತದ ಮೊದಲ ಟೆಸ್ಟ್ ಶತಕವನ್ನು ಅಮರನಾಥರು ಬಾರಿಸಿದಾಗ, ಎದುರಿನ ತುದಿಯಲ್ಲಿ ನಿಂತು ಜೊತೆ ಕೊಟ್ಟ ನಾಯಕರು ನಾಯುಡು. ಮುಂದೆ ಆ ಪ್ರಶಸ್ತಿ ನಮ್ಮ ವಿಶ್ವನಾಥರಿಗೂ ಕಿರ್ಮಾನಿಯವರಿಗೂ ಬಂದಿತು.

ವಿಶ್ವನಾಥರಿಗೆ ಅದು ಬಂದಾಗ ನಮಗೆ ವಿಶೇಷ ಸಂತೋಷವಾದುದಕ್ಕೆ ಕಾರಣವಿದೆ. ಕ್ರಿಕೆಟ್ ಮಂಡಳಿಯ ಸುವರ್ಣೋತ್ಸವದ ಟೆಸ್ಟ್ 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆಯಿತು. ಭಾರತದ ನಾಯಕರು ವಿಶ್ವನಾಥ್. ಇಂಗ್ಲೆಂಡ್ 58ಕ್ಕೆ 5 ಎಂದು ತತ್ತರಿಸುತ್ತಿತ್ತು. ಅಂಪೈರು ಬಾಬ್ ಟೇಲರ್ ಎಂಬವರನ್ನು ಔಟೆಂದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್ಪಿನಲ್ಲಿ ನಿಂತಿದ್ದ ನಮ್ಮ ನಾಯಕರಿಗೆ ಕಂಡಿತು. ಕೇಳಿ ಹಿಂದಕ್ಕೆ ಕರೆಸಿದರು. ಟೇಲರ್ ನಿಂತರು, ಬೋಥಮ್ ಜೊತೆ 171 ರನ್ನು ಬೆಳೆಯಿತು, ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ನಾಯುಡು ಅವರ ಬ್ಯಾಟಿನ ಬಲದಿಂದ ಹುಟ್ಟಿದ ಮಂಡಳಿಯ ಉತ್ಸವದಲ್ಲಿ ಭದ್ರಾವತಿಯ ಮಗ ಮಾಡಿದ ಆ ಕೆಲಸವನ್ನು ಯಾರೂ ಮರೆತಿಲ್ಲ. ಗೆದ್ದ ಇಂಗ್ಲೆಂಡ್ ನಾಯಕನ ಹೆಸರನ್ನು ಎಷ್ಟು ಜನ ಥಟ್ಟನೆ ಹೇಳಿಯಾರು?

ನಾಗಪುರಕ್ಕೆ ಬರೋಣ. ನಾಯುಡು ಹೋದ ಮೇಲೆ, ಅವರ ತಮ್ಮ ಸಿ. ಎಸ್. ನಾಯುಡು ಅವರೂ ಆಡಿ ಮುಗಿಸಿದ ಮೇಲೆ, ಈ ಊರಿಗೆ ಆಟಗಾರರ ಬರ. ಮೈದಾನವಿತ್ತು, 1969ರಿಂದ ಟೆಸ್ಟ್ ಪಂದ್ಯಗಳೂ ನಡೆದವು. ಆದರೆ ಇಲ್ಲಿ ಆಡುವವರು ಬೇರೆ ಊರಿನವರು, ನೋಡುವವರು ಮಾತ್ರ ಇಲ್ಲಿಯವರು. ಖಾಪರಖೇಡದ ಕಲ್ಲಿದ್ದಲ ಗಣಿ ಕಾರ್ಮಿಕರ ಮಗ ಉಮೇಶ್ ಯಾದವ್ 2011ರಲ್ಲಿ ಟೆಸ್ಟ್ ತಂಡಕ್ಕೆ ಹೋದಾಗಲೇ ವಿದರ್ಭದ ತಂಡದಿಂದ ಒಬ್ಬ ಅಲ್ಲಿಗೆ ಮುಟ್ಟಿದಂತಾದುದು.

ಬಳಿಕ ಬಂದಿತು 2017ರ ಡಿಸೆಂಬರ್. ರಣಜಿ ಸೆಮಿಫೈನಲ್, ಕೋಲ್ಕತ್ತೆಯ ಈಡನ್ ಗಾರ್ಡನ್ಸ್, ಕರ್ನಾಟಕಕ್ಕೂ ವಿದರ್ಭಕ್ಕೂ! ನಾಗಪುರದ ಕನ್ನಡದ ಮನೆಗಳಲ್ಲಿ ಆ ಐದು ದಿನ ನಡೆದುದನ್ನು ಬರೆದರೆ ಒಂದು ನಾಟಕವಾದೀತು. ಹಿರಿಯರದು ಒಂದೇ ಪಟ್ಟು, ಕರ್ನಾಟಕ. ಇಲ್ಲೇ ಹುಟ್ಟಿದ ಮಕ್ಕಳು ವಿದರ್ಭ. ನಡುವಯಸ್ಸಿನವರಾದ ನಮ್ಮದು ಎರಡು ದೋಣಿಯ ಕಾಲು. ಕಚೇರಿಯಲ್ಲಿ ಮರಾಠಿ ಗೆಳೆಯರು ಬೆಳಗಾದರೆ, “ಕ್ಯಾ ಅಣ್ಣಾ, ಆಜ್ ಕಿಧರ್?” ಎಂದು ಕೀಟಲೆ. ಈ ಊರಿನಲ್ಲಿ ವಿಂಧ್ಯದ ಕೆಳಗಿನವರೆಲ್ಲರೂ ಅಣ್ಣಾಗಳೇ, ಗೊತ್ತಲ್ಲ.

ಮೊದಲು ವಿದರ್ಭ 185ಕ್ಕೆ ಮುಗಿಯಿತು. ನಮ್ಮವರು ಕರುಣ್ ನಾಯರ್ ಅವರ 153ರ ಬಲದಿಂದ 301 ಮಾಡಿದರು. ಹಿರಿಯರ ಮುಖ ಅರಳಿತು. ಎರಡನೆಯ ಇನ್ನಿಂಗ್ಸಿನಲ್ಲಿ ವಿದರ್ಭವನ್ನು ಎತ್ತಿ ನಿಲ್ಲಿಸಿದವರಲ್ಲಿ ಮುಖ್ಯರು ಯಾರು? 81 ಹೊಡೆದ ಗಣೇಶ್ ಸತೀಶ್. ದಾವಣಗೆರೆಯಲ್ಲಿ ಹುಟ್ಟಿ, ಕರ್ನಾಟಕಕ್ಕೆ ಆಡಿ, ಅಲ್ಲಿಂದ ವಿದರ್ಭಕ್ಕೆ ಬಂದ ಕನ್ನಡಿಗ! ನಮ್ಮವನೇ ನಮ್ಮನ್ನು ಕಟ್ಟಿಹಾಕಿದನೆಂದು ಒಬ್ಬರು ಸಿಡುಕಿದರೆ, ನಮ್ಮವನೇ ನಮ್ಮ ಊರನ್ನು ಉಳಿಸಿದನೆಂದು ಇನ್ನೊಬ್ಬರು. 198 ಮಾಡಿದರೆ ಗೆಲುವು. ನಾಲ್ಕನೆಯ ದಿನದ ಸಂಜೆಗೆ ಕರ್ನಾಟಕ 111ಕ್ಕೆ 7. ಕೊನೆಯ ದಿನ ಬಾಲದ ಹುಡುಗರು ಒಂದೊಂದೇ ರನ್ನು ಹೆಕ್ಕುತ್ತ 192ರವರೆಗೆ ಎಳೆದರು. ಅಲ್ಲಿಗೆ ನಿಂತಿತು. ರಜನೀಶ್ ಗುರ್ಬಾನಿ ಆ ಇನ್ನಿಂಗ್ಸಿನಲ್ಲಿ 68 ರನ್ನಿಗೆ 7. ಸೋಲು ಕೇವಲ ಐದು ರನ್ನುಗಳದು. ನಮ್ಮ ನೆರೆಮನೆಯ ಧಾರವಾಡದ ಅಜ್ಜಿ ಒಬ್ಬರು ಮಾತ್ರ ಶಾಂತರಾಗಿದ್ದರು. “ಯಾರ ಗೆದ್ದರೂ ಪೇಢೆ ನಮ್ಮ ಓಣ್ಯಾಗ ಹಂಚತಾರಲ್ಲೋ, ಅಳೂದೇನೈತಿ?” ಎಂದರು. ಫೈನಲ್ ನಡೆದದ್ದು ಇಂದೂರಿನ ಹೋಳ್ಕರ್ ಮೈದಾನದಲ್ಲಿ. 2018ರ ಜನವರಿ 1ರಂದು ದೆಹಲಿಯನ್ನು ಸೋಲಿಸಿ ವಿದರ್ಭ ಮೊದಲ ಬಾರಿಗೆ ರಣಜಿ ಎತ್ತಿತು. ನಾಯುಡು ಹುಟ್ಟಿದ ಊರಿನ ತಂಡ, ನಾಯುಡು ಬಾಳಿದ ಊರಿನಲ್ಲಿ!

ಮುಂದಿನ ವರ್ಷವೂ ವಿದರ್ಭವೇ ಗೆದ್ದಿತು. ಆದರೆ ನಮ್ಮ ಪ್ರಶ್ನೆಯನ್ನು ಪೂರ್ತಿ ತಲೆಕೆಳಗು ಮಾಡಿದ್ದು 2025. ಕರ್ನಾಟಕಕ್ಕಾಗಿ 153 ಹೊಡೆದಿದ್ದ ಅದೇ ಕರುಣ್ ನಾಯರ್ ತವರಿನ ತಂಡದಲ್ಲಿ ಜಾಗ ಕಳೆದುಕೊಂಡು, 2023ರಲ್ಲಿ ವಿದರ್ಭಕ್ಕೆ ಬಂದಿದ್ದರು. ಆ ಹುಡುಗ ಹುಟ್ಟಿದ್ದು ಜೋಧಪುರದಲ್ಲಿ, ಮನೆಮಾತು ಮಲಯಾಳ, ಬೆಳೆದದ್ದು ಬೆಂಗಳೂರಿನಲ್ಲಿ, 2016ರಲ್ಲಿ ಇಂಗ್ಲೆಂಡಿನ ಮೇಲೆ ಔಟಾಗದೆ 303 ಹೊಡೆದಾಗ ಇಡೀ ಕರ್ನಾಟಕವೇ ನಮ್ಮವನೆಂದು ಹೆಮ್ಮೆಪಟ್ಟಿತು. 2025ರ ರಣಜಿ ಫೈನಲ್ ನಮ್ಮ ಜಾಮ್ಠಾ ಮೈದಾನದಲ್ಲೇ. ಎದುರಾಳಿ ಯಾರು? ಕೇರಳ! ಅಪ್ಪ ಅಮ್ಮನ ನಾಡಿನವರ ಎದುರು, ಸಾಕಿದ ನಾಡಿನ ಅಂಗಿ ಬಿಟ್ಟು, ಆಶ್ರಯ ಕೊಟ್ಟ ನಾಡಿಗಾಗಿ ಕರುಣ್ 86 ಮತ್ತು 135 ಹೊಡೆದರು. ಮಾರ್ಚ್ 2ರಂದು ವಿದರ್ಭ ಮೂರನೆಯ ಸಲ ಗೆದ್ದಿತು. ಈ ಸಲ ಮನೆಗಳಲ್ಲಿ ಜಗಳವೇ ಇಲ್ಲ. ಹಿರಿಯರೂ ಮಕ್ಕಳೂ ಒಂದೇ ಕಡೆ. ಆಮೇಲೆ ಕರುಣ್ ಮತ್ತೆ ಕರ್ನಾಟಕಕ್ಕೆ ಮರಳಿದರು. ಹೋದನಲ್ಲ ಎಂದು ಸಪ್ಪೆ ಮೋರೆ ಹಾಕಿದ ಮಕ್ಕಳಿಗೆ ನಾವು ನಾಯುಡು ಅವರ ಕತೆಯನ್ನು ಆಂಧ್ರ, ಇಂದೂರು, ಉತ್ತರ ಪ್ರದೇಶ ಎಲ್ಲವನ್ನೂ ಸೇರಿಸಿ ಹೇಳಿದೆವು. ಒಬ್ಬ ಹುಡುಗ ಕೇಳಿದ: “ಹಾಗಾದರೆ ಅವರು ಯಾರ ಊರಿನವರು, ಅಂಕಲ್?” ಪಕ್ಕದ ಹುಡುಗಿ ನಮಗಿಂತ ಮೊದಲೇ ಉತ್ತರ ಹೇಳಿಬಿಟ್ಟಳು: “ಎಲ್ಲೆಲ್ಲಿ ಸಿಕ್ಸ್ ಹೊಡೆದರೋ ಅಲ್ಲಲ್ಲಿಯವರು.”

ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಣ್ಣ ಸೂಚನೆ. ನಾಯುಡು ಅವರ ಹುಟ್ಟುಹಬ್ಬ ಅಕ್ಟೋಬರ್ 31. ಮರುದಿನವೇ ನಮ್ಮ ರಾಜ್ಯೋತ್ಸವ. ಹಿಂದಿನ ದಿನ ಹೇಗೂ ಚಪ್ಪರ ಕಟ್ಟಲು, ಕುರ್ಚಿ ಹಾಕಲು ಎಲ್ಲರೂ ಸೇರುತ್ತೇವೆ. ಆ ಮಧ್ಯಾಹ್ನ ಮಕ್ಕಳಿಗೆ, ಹೆಣ್ಣು ಗಂಡು ಎನ್ನದೆ, ಟೆನ್ನಿಸ್ ಚೆಂಡಿನ ಒಂದು ಪಂದ್ಯ ಇಡಬಾರದೇಕೆ? ನಮ್ಮ ವಠಾರಗಳಲ್ಲೆಲ್ಲ ಚೆಂಡು ಕಾಂಪೌಂಡಿನಾಚೆ ಹೋದರೆ ಔಟ್ ಎಂಬ ನಿಯಮವಿದೆ; ಕಿಟಕಿಯ ಗಾಜಿನ ಬೆಲೆ ತಿಳಿದ ಹಿರಿಯರು ಮಾಡಿದ್ದು. ಅದೊಂದು ದಿನದ ಮಟ್ಟಿಗೆ ಆ ನಿಯಮವನ್ನು ರದ್ದು ಮಾಡೋಣ. ಅಕ್ಕಪಕ್ಕದ ಮನೆಯವರಿಗೆ ಮುಂಚಿತವಾಗಿ ಹೇಳಿಬರುವ ಕೆಲಸ ನಮಗಿರಲಿ. ಚೆಂಡುಗಳ ಖರ್ಚೂ ನಮ್ಮದೇ. ಒಂದು ಡಜನ್ ಸಾಕಾಗಲಿಕ್ಕಿಲ್ಲ, ಎರಡು ತರೋಣ.